ಆಯಿಯ ಕಿರುಬೆರಳು

ರೊಟ್ಟಿ ಬಡಿಯುವ ಮೊದಲು ಹಂಚನ್ನು ಮೂರು ಸಲ ತೊಳೆಯುವ ಸೊಸೆಯರು ಬೀಳಗಿಯಲ್ಲಿ ಎಷ್ಟಿದ್ದಾರೋ ಏನೋ, ರಾಜಶ್ರೀ ಮಾತ್ರ ತೊಳೆಯುತ್ತಿದ್ದಳು. ಬೂದಿ ಹಾಕಿ ಒಮ್ಮೆ, ಸೋಪಿನ ಪುಡಿ ಹಾಕಿ ಒಮ್ಮೆ, ಬರೀ ನೀರಿನಲ್ಲಿ ಒಮ್ಮೆ. ಆಮೇಲೆ ಮೂಗಿನ ಹತ್ತಿರ ತಂದು ಮೂಸುತ್ತಿದ್ದಳು. ವಾಸನೆ ಅಲ್ಲೇ ಇರುತ್ತಿತ್ತು.

ಆ ಹಂಚಿನ ಮೇಲೆ ಅತ್ತೆ ಇಂದ್ರವ್ವ ತಂಬಾಕು ಹುರಿಯುತ್ತಿದ್ದಳು. ಸೋಮವಾರವೊಂದನ್ನು ಬಿಟ್ಟು ಯಾವಾಗ ಬೇಕಾದರೂ ಹುರಿಯುವವಳು. ಎಲೆ ಕಪ್ಪಾಗಿ ಮುರುಟಿದ ಮೇಲೆ ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದರೆ ಮಿಸ್ರಿ ಆಯಿತು. ಅದನ್ನು ಹಳೆಯ ಮುಲಾಮಿನ ಡಬ್ಬಿಗೆ ತುಂಬಿ, ಡಬ್ಬಿಯನ್ನು ಸೊಂಟದ ಸಂಚಿಗೆ ಸೇರಿಸುತ್ತಿದ್ದಳು. ಎದ್ದ ಕೂಡಲೇ, ಉಂಡ ಕೂಡಲೇ, ಬೇಜಾರಾದ ಕೂಡಲೇ ಹಲ್ಲಿಗೆ ತಿಕ್ಕುವುದು, ಬಚ್ಚಲಿಗೆ ಹೋಗಿ ಉಗುಳುವುದು. ಬಚ್ಚಲ ಗೋಡೆಯ ಮೇಲೆ ಕರೀ ಜೊಲ್ಲು ಇಳಿದ ಗೆರೆಗಳಿದ್ದವು. ಅದೇ ಬಚ್ಚಲಲ್ಲಿ ರಾಜಶ್ರೀ ಮಕ್ಕಳ ಕುಂಡಿ ತೊಳೆಯಬೇಕು, ಅಲ್ಲೇ ಪಕ್ಕಕ್ಕೆ ಕುಳಿತು ತಾಟು ತಂಬಿಗೆ ಬೆಳಗಬೇಕು.

"ಅತ್ತೀ, ತಂಬಾಕಿಗೆ ಬ್ಯಾರೆ ಹಂಚ ಇಟ್ರ ಹೆಂಗ್ರೀ?" ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದಳು.

"ಬೆಂಕಿಗೆ ಮೈಲಿಗಿ ಇಲ್ಲ ಬೇ. ಹಂಚ ಕಾದ್ರ ಎಲ್ಲಾ ಸುಟ್ಟ ಹೋಗತೈತಿ."

ಅಲ್ಲಿಗೆ ಆ ಮಾತು ಮುಗಿದಿತ್ತು. ರಾಜಶ್ರೀ ಎರಡನೇ ಸಲ ಕೇಳುವವಳಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು. ಮನೆಯಲ್ಲಿ ಅವಳು ಗಟ್ಟಿಯಾಗಿ ಹೇಳುತ್ತಿದ್ದದ್ದು ಒಂದೇ ಮಾತು. ಊಟಕ್ಕೆ ಮೊದಲು ಐದು ವರ್ಷದ ಮಗಳಿಗೆ "ಮನೀಷಾ, ಕೈ ತೋರಸು" ಎನ್ನುವುದು. ಮನೀಷಾ ಎರಡೂ ಅಂಗೈ ಚಾಚಬೇಕು. ಕೊಳೆಯಿದ್ದರೆ ಹೋಗಿ ತೊಳೆದು ಬಂದು ಮತ್ತೆ ಚಾಚಬೇಕು.

"ಸಾಲಿ ಮಾಸ್ತರ ಆಗಬೇಕಿತ್ತ ನಮ್ಮಾಕಿ" ಎಂದು ಗಂಡ ಪರಮಾನಂದ ನಗುತ್ತಿದ್ದ. ಅವನು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆಯಲ್ಲಿ ಗುಮಾಸ್ತ. ಒಂದೂ ಚಟವಿಲ್ಲ. ಇನ್ನೊಬ್ಬರು ಕುಡಿದ ಲೋಟ ಮುಟ್ಟುವುದಿಲ್ಲ. ಹೊರಗೆ ಚಹಾ ಕುಡಿದರೆ ಕಾಗದದ ಕಪ್ಪಿನಲ್ಲೇ. ಮನೆಯ ಹಂಚು ದಿನಾ ಮೂರು ಸಲ ತೊಳೆದು ಒಲೆಗೆ ಏರುತ್ತದೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಕೈಗೂಸಿನ ಹೆಸರು ಚನಮಲ್ಲ. ತೀರಿಹೋದ ಮಾವನ ಹೆಸರು ಅದು. ಗಂಡನ ಹೆಸರನ್ನು ಬಾಯಿಂದ ಆಡಬಾರದೆಂದು ಇಂದ್ರವ್ವ ಕೂಸನ್ನು ಮಾಳು ಎನ್ನುತ್ತಿದ್ದಳು. ಮುದ್ದು ಹೆಚ್ಚಾದಾಗ ಯಜಮಾನ್ರ ಎನ್ನುತ್ತಿದ್ದಳು, ಅದೂ ಬಹುವಚನದಲ್ಲಿ.

"ಅಳಬ್ಯಾಡ್ರೀ ಯಜಮಾನ್ರ. ನಾ ಬಂದೇನಲ್ಲ."

"ನಮ್ಮಪ್ಪ ಇದ್ದಾಗ ಇಷ್ಟ ಮರ್ಯಾದಿ ಕೊಟ್ಟಿದ್ದಿಲ್ಲ ಬೇ ನೀ" ಎಂದು ಪರಮಾನಂದ ಕೆಣಕುತ್ತಿದ್ದ.

"ಆಗ ಅವರು ಅಳತಿದ್ದಿಲ್ಲಪಾ. ನನ್ನ ಅಳಸ್ತಿದ್ರು."

ಮಾಳು ತಾಯಿಯ ಹತ್ತಿರ ಅಳುತ್ತಿತ್ತು, ಆಯಿಯ, ಅಂದರೆ ಅಜ್ಜಿಯ ಹತ್ತಿರ ಗಪ್ಪಾಗುತ್ತಿತ್ತು. ಇಂದ್ರವ್ವ ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋದರೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮಲಗಿಸಿ ಬರುತ್ತಿದ್ದಳು. ಅವಳ ಕೈಗುಣ ಓಣಿಗೆಲ್ಲ ಪ್ರಸಿದ್ಧ. ಹಡೆದವರು ಬಂದು ಕೇಳುತ್ತಿದ್ದರು, ಏನು ಮಾಡುತ್ತೀರಿ ಆಯಿ ಎಂದು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅವರು ಹೋದ ಮೇಲೆ ಸೊಸೆಗೆ ಹೇಳುತ್ತಿದ್ದಳು, "ನೀ ಹಡದಿ ಅಷ್ಟ. ಸಲಹೂದು ಬ್ಯಾರೆ ಕೆಲಸ."

ರಾಜಶ್ರೀ ಎದುರು ಮಾತಾಡುತ್ತಿರಲಿಲ್ಲ. ಕೂಸು ಮಲಗಿತಲ್ಲ, ಅಷ್ಟರಲ್ಲಿ ಹಿಟ್ಟು ಜರಡಿ ಹಿಡಿಯಬಹುದು, ನಳದ ನೀರು ತುಂಬಬಹುದು, ಮನೀಷಾ ತಾಟಿನಲ್ಲಿ ಕಲಸಿ ಬಿಟ್ಟ ಅನ್ನವನ್ನು ನಿಂತಲ್ಲೇ ಬಾಯಿಗೆ ಹಾಕಿಕೊಳ್ಳಬಹುದು. ಸಂಜೆ ಕೂಸನ್ನು ಎತ್ತಿಕೊಂಡಾಗ ತುಟಿಯ ಅಂಚಿಗೆ ಕಪ್ಪು ಒರಸಿರುತ್ತಿತ್ತು. ದೃಷ್ಟಿ ಬೊಟ್ಟಿನ ಕಾಡಿಗೆ ಹರಡಿದೆ ಎಂದುಕೊಂಡು ಸೆರಗಿನ ತುದಿಯನ್ನು ತನ್ನ ಬಾಯಲ್ಲಿ ಒದ್ದೆ ಮಾಡಿ ಒರೆಸುತ್ತಿದ್ದಳು. ಸಾಲದ್ದಕ್ಕೆ ಅದೇ ತುದಿಯನ್ನು ಮತ್ತೆ ಬಾಯಲ್ಲಿಟ್ಟು ಇನ್ನೊಮ್ಮೆ ಒರೆಸುತ್ತಿದ್ದಳು.

ಹಿಂದಿನ ಓಣಿಯ ಆಶಾ ಕಾರ್ಯಕರ್ತೆ ಸಾವಕ್ಕ ತೂಕ ನೋಡಲು ಬಂದಳು. ಕೂಸನ್ನು ಜೋಳಿಗೆಯಲ್ಲಿ ತೂಗುಹಾಕಿ ಕಾಟಾದ ಮುಳ್ಳನ್ನು ನೋಡಿದಳು.

"ಮುಳ್ಳ ಮುಂದ ಹೋಗವಲ್ದು ನೋಡ ರಾಜಶ್ರೀ. ಹ್ವಾದ ಸಲ ಇಲ್ಲೇ ಇತ್ತು. ಹಾಲ ಕುಡಿತಾನಿಲ್ಲ?"

"ಕುಡಿತಾನ್ರೀ ಅಕ್ಕಾ. ಕುಡದದ್ದು ಕಾರತಾನ."

"ನಿದ್ದಿ?"

"ನಿದ್ದಿ ಛಲೋ ಮಾಡ್ತಾನ" ಎಂದಳು ಇಂದ್ರವ್ವ, ಒಳಗಿನಿಂದ. "ಮಲಗೂ ಕೂಸು ಬೆಳೀತೈತಿ. ತಾಯಿ ಹಾಲು ನೀರ ಆಗಿದ್ರ ನಾನೇನ ಮಾಡ್ಲಿ?"

ರಾತ್ರಿ ಊಟಕ್ಕೆ ಕುಳಿತಾಗ ರಾಜಶ್ರೀ ಗಂಡನಿಗೆ ಹೇಳಿದಳು. ಅವನು "ನಾ ಟನ್‌ಗಟ್ಟಲೆ ತೂಗಾಂವ, ನನಗ ಇಂಥಾ ಸಣ್ಣ ತೂಕ ತಿಳಿಯಂಗಿಲ್ಲ" ಎಂದು ನಕ್ಕ.

ಒಂದು ಮಧ್ಯಾಹ್ನ ರಾಜಶ್ರೀ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದಳು. ನೀರು ಕಾಯಿಸುವ ಒಲೆಯ ಮುಂದೆ ಮನೀಷಾ ಒಂಟಿ ಕಾಲಿನ ಪ್ಲಾಸ್ಟಿಕ್ ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿತ್ತು. ಕಿರುಬೆರಳನ್ನು ಬೂದಿಯಲ್ಲಿ ಅದ್ದಿತು.

"ಅಳಬ್ಯಾಡ್ರೀ ಯಜಮಾನ್ರ. ನಿಮ್ಮ ಔಷಧಿ ಹಚ್ತೇನಿ. ಬಾಯಿ ತಗೀರಿ."

ಗೊಂಬೆಯ ಬಾಯಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೂದಿ ತಿಕ್ಕಿತು. ರಾಜಶ್ರೀಯ ಕೈಯಲ್ಲಿನ ಒದ್ದೆ ಅಂಗಿ ಹಗ್ಗದ ಮೇಲೆ ಹೋಗದೆ ಅಲ್ಲೇ ನಿಂತಿತು.

"ಯಾವ ಔಷಧಿ ಬೇ ಅದು?"

"ಆಯಿ ಸಂಚ್ಯಾಗಿಂದು."

"ಯಾರಿಗೆ ಹಚ್ತಾಳ?"

"ಮಾಳುಗ. ನೀ ನೀರಿಗೆ ಹೋದಾಗ. ಸಣ್ಣ ಬಟ್ಟಲೆ ಹಚ್ತಾಳ." ಮಗು ಕಿರುಬೆರಳು ಎತ್ತಿ ತೋರಿಸಿ ಗೊಂಬೆಯ ಬಾಯಿ ಒರೆಸಿತು. "ನಿನಗ ಹೇಳಿದ್ರ ಪೆಪ್ಪರ್‌ಮಿಂಟ್ ಕೊಡಂಗಿಲ್ಲಂತ. ನೀ ಹೇಳಬ್ಯಾಡ ಮತ್ತ."

ಒಳಕೋಣೆಯಲ್ಲಿ ಕೂಸು ಬಾಯಿ ತೆರೆದು ಮಲಗಿತ್ತು. ಪಕ್ಕದಲ್ಲಿ ಇಂದ್ರವ್ವ ಗೊರಕೆ ಹೊಡೆಯುತ್ತಿದ್ದಳು. ರಾಜಶ್ರೀ ಬೆರಳಿನಿಂದ ಕೂಸಿನ ಕೆಳತುಟಿ ಸರಿಸಿದಳು. ಉಬ್ಬಿದ ವಸಡಿನ ಬುಡಕ್ಕೆ ಕಪ್ಪು ಕಟ್ಟಿತ್ತು. ಬೆರಳು ಹೊರಗೆ ತೆಗೆದು ಮೂಸಿದಳು. ಹಂಚಿನ ವಾಸನೆ.

ಬಚ್ಚಲಿಗೆ ಓಡಿದಳು. ಗೋಡೆಯ ಮೇಲಿನ ಕರೀ ಗೆರೆಗಳನ್ನು ಕಂಡ ಕೂಡಲೇ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಬಾಯಿ ಮುಕ್ಕಳಿಸಿ ಸೆರಗಿನಿಂದ ಒರೆಸಿಕೊಳ್ಳಲು ಹೋದವಳು ಸೆರಗಿನ ತುದಿ ನೋಡಿದಳು. ಮತ್ತೊಮ್ಮೆ ಕಾರಿದಳು.

ರಾತ್ರಿ ಗಂಡನ ತಾಟಿಗೆ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ಎದುರಿಗೆ ನಿಂತಳು.

"ರೀ, ಅತ್ತಿ ಮಾಳುಗ ಮಿಸ್ರಿ ಹಚ್ತಾರ."

ಪರಮಾನಂದ ರೊಟ್ಟಿ ಮುರಿದ. "ಹಲ್ಲ ಬರೂಮುಂದ ವಸಡ ನೂಸ್ತಾವ. ಒಂದೀಟ ಹಚ್ಚಿರಬೇಕು."

"ತಂಬಾಕ ರೀ ಅದು."

"ನನಗೂ ಹಚ್ಚಾಳ. ನಾನೇನ ಸತ್ತೇನೇನು? ನಾವು ಅದರಾಗ ಬೆಳದವರು. ಚಟ್ನಿ ಹಾಕು."

ಒಳಗಿನಿಂದ ಇಂದ್ರವ್ವ ಎದ್ದು ಬಂದಳು. "ಹಚ್ಚೇನಿ. ಏನೀಗ? ಇಕಿ ಗಂಟೆಗಟ್ಟಲೆ ನಳದ ಮುಂದ ನಿಂದರತಾಳ, ಕೂಸು ಇಲ್ಲಿ ಹರಕೊಂಡ ಅಳತೈತಿ. ನನ್ನ ಮಲಿಯಾಗ ಹಾಲ ಅದಾವೇನು ಕೊಡಾಕ?"

"ನಾ ಬಂದ ಎತಗೋತೇನ್ರೀ ಅತ್ತಿ. ಕರೀರಿ ನನ್ನ."

"ಯಾಕ, ನನ್ನ ಕೈ ಹೊಲಸೇನು?"

"ಹೊಲಸ ಅಂದಿಲ್ರೀ ನಾ."

"ಅನ್ನಬೇಕೇನು? ಮಾರಿ ಮ್ಯಾಲ ಬರದೈತಿ. ಬಂದ ದಿನದಿಂದ ಹಂಚ ಮೂಸ್ತಿ ನೀ, ನಾಯಿ ಮೂಸಿದಂಗ. ನನಗ ಕಣ್ಣಿಲ್ಲಂತ ತಿಳದಿಯೇನು?" ಇಂದ್ರವ್ವ ಸಂಚಿಯ ದಾರ ಬಿಗಿದಳು. "ಇವತ್ತಿಂದ ನಾ ಕೂಸನ್ನ ಮುಟ್ಟಂಗಿಲ್ಲ. ಸಲಹಲಿ. ರೊಟ್ಟಿ ಬಡಿಯೂ ಕೈಲೆ ಆಡಸ್ಲಿ, ಕೊಡಾ ಹೊರೂ ಕೈಲೆ ತೂಗ್ಲಿ."

"ಬೇ, ಊಟಕ್ಕ ಕುಂತೇನಿ" ಎಂದ ಪರಮಾನಂದ. ಅವನು ಮೊಸರು ಹಾಕಿಸಿಕೊಂಡು ಉಂಡ.

ಮರುದಿನದಿಂದ ಮಾಳು ಅಳತೊಡಗಿತು. ಮೊಲೆ ಕೊಟ್ಟರೆ ಕಚ್ಚಿ ಬಿಡುವುದು, ಎತ್ತಿಕೊಂಡರೆ ಬಿಲ್ಲಿನಂತೆ ಹಿಂದಕ್ಕೆ ಬಾಗುವುದು, ಕೆಳಗಿಟ್ಟರೆ ನೆಲ ಪರಚುವುದು. ಜೊಲ್ಲಿಗೆ ಅಂಗಿ ತೊಯ್ದು ಎದೆಯ ಮೇಲೆ ಬೆವರುಸಾಲೆ ಎದ್ದಿತು. ರಾಜಶ್ರೀ ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದು ಕೈಯಲ್ಲಿ ಬೇಳೆ ತಿರುವಿದಳು. ಅನ್ನ ಸೀದಿತು. ಮನೀಷಾಳ ತಲೆ ಬಾಚಲಾಗದೆ ಹೇನು ಬಿದ್ದವು. ಇಂದ್ರವ್ವ ಕಟ್ಟೆಯ ಮೇಲೆ ಕುಳಿತು ಹೋಗಿ ಬರುವವರಿಗೆ ಹೇಳಿದಳು, "ನಮ್ಮ ಸೊಸಿ ಶ್ಯಾಣ್ಯಾಕಿ ಆಗ್ಯಾಳವ್ವಾ. ಆಕೀನ ನೋಡ್ತಾಳಂತ."

ರಾಜಶ್ರೀ ಸಾವಕ್ಕನಿಗೆ ಇದ್ದದ್ದನ್ನು ಹೇಳಿದಳು. ಸಾವಕ್ಕ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ನಾನೂ ತಿಕ್ತೇನಿ ತಂಗಿ. ಅದಕ್ಕ ನಿಮ್ಮ ಅತ್ತಿಗೆ ಹೇಳಾಕ ನನಗ ಬಾಯಿಲ್ಲ. ಖರೆ, ಕೂಸಿಗೆ ಹಚ್ಚಬಾರದು. ದವಾಖಾನಿಗೆ ನಡಿ."

ದವಾಖಾನೆಯ ಡಾಕ್ಟರಮ್ಮ ಕೂಸಿನ ಬಾಯಿ ನೋಡಿ, ಚಟ ಬಿಡುವಾಗ ಅಳುತ್ತದೆ, ಅಳಲಿ, ಹಾಲು ಕುಡಿಸುತ್ತಿರಿ, ಆ ಪುಡಿಯನ್ನು ಮಾತ್ರ ಇನ್ನು ಮುಟ್ಟಿಸಬೇಡಿ ಎಂದಳು. ಹೊರಗೆ ಬಂದ ಮೇಲೆ ಸಾವಕ್ಕ ಮರದ ಹಿಂದೆ ಹೋಗಿ ಉಗುಳಿ ಬಂದಳು.

ಪರಮಾನಂದನಿಗೆ ರಾತ್ರಿ ಪಾಳಿ ಬಂತು. ಬೆಳಿಗ್ಗೆ ಬಂದು ಮಲಗಬೇಕು, ಕೂಸು ಬಿಡಬೇಕಲ್ಲ. ಒಂದು ದಿನ ಚಾದರ ಕಿತ್ತೊಗೆದು ಎದ್ದು ಬಂದ. ಹಿಟ್ಟು ನಾದುತ್ತಿದ್ದ ಹೆಂಡತಿಯ ಪಕ್ಕದಿಂದ ಕೂಸನ್ನು ಎತ್ತಿಕೊಂಡು ಹೋಗಿ ತಾಯಿಯ ತೊಡೆಯ ಮೇಲೆ ಹಾಕಿದ.

"ಹಚ್ಚ ಬೇ ಒಂದೀಟ. ನನ್ನ ತಲಿ ಒಡೀತೈತಿ."

ಇಂದ್ರವ್ವ ಕೂಸಿನ ಬೆನ್ನು ಸವರಿದಳು. ಡಬ್ಬಿ ತೆಗೆದಳು, ಮುಚ್ಚಳ ತೆಗೆಯಲಿಲ್ಲ. ಸೊಸೆಯ ಕಡೆ ನೋಡಿದಳು.

"ಆಕಿ ಹೇಳ್ಲಿ. ಆಕಿ ಬಾಯಿಲೆ 'ಹಚ್ಚರಿ ಅತ್ತಿ' ಅನ್ಲಿ. ಹಚ್ತೇನಿ."

"ಅನ್ನ ಲೇ. ಒಂದ ಮಾತು" ಎಂದ ಪರಮಾನಂದ.

ರಾಜಶ್ರೀ ಎದ್ದಳು. ಹಿಟ್ಟಿನ ಕೈಯಲ್ಲೇ ಕೂಸನ್ನು ಎತ್ತಿಕೊಂಡಳು. ಮನೀಷಾಳ ಚಪ್ಪಲಿ ಹುಡುಕಿದಳು. ಮಧ್ಯಾಹ್ನದ ಬಸ್ಸಿಗೆ ಲೋಕಾಪುರದ ತವರಿಗೆ ಹೋದಳು. ಬಸ್ಸಿನಲ್ಲಿ ಕೂಸಿನ ಬೆನ್ನಿನ ಮೇಲೆ ಒಣಗಿದ ಹಿಟ್ಟು ಐದು ಬೆರಳಿನ ಗುರುತಾಗಿ ಉದುರುತ್ತಿತ್ತು.

ತಾಯಿ ಮಾದೇವಿ ಕೂಲಿಯಿಂದ ಬಂದವಳು ಮೊಮ್ಮಕ್ಕಳನ್ನು ನೋಡಿ ಹಿಗ್ಗಿದಳು. ನುಚ್ಚು ಕುದಿಸಿ ಮಜ್ಜಿಗೆ ಹಾಕಿ ಬಡಿಸಿದಳು. ರಾಜಶ್ರೀ ಉಣ್ಣುತ್ತ ಎಲ್ಲ ಹೇಳಿದಳು. ತವರಿನಲ್ಲಿ ಅವಳಿಗೆ ಮಾತು ಬರುತ್ತಿತ್ತು. ಎಷ್ಟು ಹೇಸಿಗೆ ಜನ ಅವರು ಎಂದಳು, ನಾಲಿಗೆಯ ಮೇಲೆ ಇನ್ನೂ ಆ ರುಚಿ ಇದೆ ಎಂದಳು. ಮಾದೇವಿ ನುಚ್ಚಿನ ಗಡಿಗೆ ಕೆರೆಯುತ್ತ ಕೇಳಿದಳು.

"ಹಚ್ಚಿದ್ರೇನಾತ?" ಎಂದಳು ಕೊನೆಗೆ. "ನಿನಗೂ ಹಚ್ಚೇನಿ ನಾ."

ರಾಜಶ್ರೀ ತುತ್ತು ನುಂಗಲಿಲ್ಲ, ಉಗುಳಲೂ ಇಲ್ಲ.

"ಬದುವಿನ ಮ್ಯಾಲ ಜೋಳಿಗ್ಯಾಗ ಹಾಕಿ ಕಳೇ ತಗೀತಿದ್ದೆ. ನೀ ಅಳತಿದ್ದಿ. ಗೌಡತಿ ಒದರತಿದ್ಲು, ಕೂಸಿನ ಬಾಯಿ ಮುಚ್ಚಸ ಇಲ್ಲ ಮನಿಗೆ ಹೋಗಂತ. ಮನಿಗೆ ಹೋದ್ರ ಉಣ್ಣೂದ ಏನು? ಒಂದೀಟ ಹಚ್ಚಿದ್ರ ಹೊತ್ತ ಮುಣಗೂತನಾ ಮಲಗತಿದ್ದಿ. ಎಲ್ಲಾರೂ ಹಂಗ ಬೆಳಸೇವಿ. ಈಗ ನಿನಗ ಹೇಸಿಕಿ ಬರತೈತಿ."

"ನಾನೇನ ಹೊಲದಾಗ ಇಲ್ಲಲ್ಲ ಯವ್ವಾ. ಮನ್ಯಾಗ ಅದೇನಿ. ಮನ್ಯಾಗ ಅಳಾಕೂ ಬಿಡಬಾರದೇನು ಕೂಸಿಗೆ?"

ಮಾದೇವಿ ಮರುದಿನ ಕೂಲಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಲೋಕಾಪುರದ ಬೀದಿಗಳನ್ನು ಸುತ್ತಿದಳು. ಆ ವಾರ ಕಳೆಯುವುದರೊಳಗೆ ಮಾಳು ಮೊಲೆ ಕಚ್ಚುವುದು ಬಿಟ್ಟು ಕುಡಿಯತೊಡಗಿತು. ಮಗಳನ್ನು ಬಸ್ಸು ಹತ್ತಿಸುವಾಗ ಮಾದೇವಿ, "ಅವರ ಕೂಡ ಜಗಳ ಆಡಬ್ಯಾಡ" ಎಂದಳು. ಕಿಟಕಿಯ ಸರಳು ಹಿಡಿದು, "ಖರೆ, ಹಚ್ಚಾಕ ಬಿಡಬ್ಯಾಡ" ಎಂದಳು.

ಬೀಳಗಿಯ ಮನೆಯಲ್ಲಿ ಯಾರೂ ಯಾಕೆ ಹೋದೆ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ಅಡುಗೆಮನೆಯಲ್ಲಿ ಅಷ್ಟೂ ದಿನದ ಮುಸುರೆ ಪಾತ್ರೆಗಳು ಬೂಸಲು ಹಿಡಿದು ಕಾಯುತ್ತಿದ್ದವು.

ನಳ ಬಂದ ದಿನ. ರಾಜಶ್ರೀ ಕೂಸನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಬಿಟ್ಟು, ಮನೀಷಾಳನ್ನು ಪಕ್ಕದಲ್ಲಿ ಕೂರಿಸಿ, ಹೊರಗೆ ಕೊಡ ಹಿಡಿದಿದ್ದಳು. ಒಳಗೆ ಕೂಸು ಅತ್ತಿತು, ಆಮೇಲೆ ಅಳು ನಿಂತಿತು. ಅವಳು ತುಂಬುತ್ತಿದ್ದ ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು.

ಇಂದ್ರವ್ವ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸಂಚಿ ತಲೆದಿಂಬಿನ ಪಕ್ಕದಲ್ಲಿ ಬಿಚ್ಚಿ ಬಿದ್ದಿತ್ತು. ಕೂಸು ಮನೀಷಾಳ ಓಲೆಯನ್ನು ಹಿಡಿದೆಳೆಯುತ್ತ ಅಳು ಮರೆತಿತ್ತು. ಮನೀಷಾಳ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯ ಕಿರುಬೆರಳು ಕಪ್ಪು.

"ಮಮ್ಮಿ, ಮಾಳುಗ ನಾ ಹಚ್ಲಿ? ನೀ ನೀರ ತುಂಬು."

ಹಾಗೆನ್ನುವಾಗ ಅವಳ ಹಲ್ಲು ಕಂಡವು. ಸಾಲಿಗೆ ಸಾಲು ಅಂಚೆಲ್ಲ ಕಪ್ಪು.

"ನೀ ತಿಂದಿಯೇನ?"

"ತಿನ್ನಂಗಿಲ್ಲ ಮಮ್ಮಿ. ತಿಕ್ಕಿ ಉಗಳ್ತೇನಿ. ಆಯಿ ಗತೆ." ಮಗು ಬಚ್ಚಲಿಗೆ ಹೋಯಿತು. ಎರಡು ಬೆರಳನ್ನು ತುಟಿಗೆ ಅಡ್ಡ ಇಟ್ಟು ಪಿಚಕ್ಕನೆ ಉಗುಳಿತು. ಕರೀ ಗೆರೆಯೊಂದು ಗೋಡೆಯ ಮೇಲೆ ಇಳಿಯಿತು, ಉಳಿದವುಗಳ ಸಾಲಿನಲ್ಲೇ, ಮೊಳದಷ್ಟು ಕೆಳಗೆ. ಆ ಎತ್ತರದಲ್ಲಿ ಅಂಥವು ಇನ್ನೂ ಇದ್ದವು. ರಾಜಶ್ರೀ ದಿನಾ ಅವುಗಳ ಮುಂದೆ ಕುಳಿತು ಪಾತ್ರೆ ತೊಳೆದಿದ್ದಳು.

ಅವಳು ಮಗಳ ಹಲ್ಲು ಉಜ್ಜಿಸಿದಳು. ಹೊಡೆಯಲಿಲ್ಲ. ಅಷ್ಟರಲ್ಲಿ ನಳ ನಿಂತಿತ್ತು.

ಸಂಜೆ ಇಂದ್ರವ್ವ ಒಲೆಯ ಮುಂದೆ ಕುಳಿತು ಹೊಸ ಎಲೆ ಹುರಿದಳು. ಮನೆಯೆಲ್ಲ ಕೆಮ್ಮಿತು. ಅವಳು ಎದ್ದು ಹೋದ ಮೇಲೆ ರಾಜಶ್ರೀ ಹಂಚನ್ನು ತೊಳೆಯಲಿಲ್ಲ. ಹಾಗೇ ಒಲೆಯ ಮೇಲಿಟ್ಟು ರೊಟ್ಟಿ ಹಾಕಿದಳು. ಮೇಲೆ ನೀರು ಸವರುವ ಬಟ್ಟೆ ಹಂಚಿಗೆ ತಾಗಿ ಕಪ್ಪಾಯಿತು. ಮಗುಚಿದಾಗ ರೊಟ್ಟಿಯ ತುಂಬ ಎಲೆಯ ನಾರು, ಕರಿ ಹುಡಿ ಅಂಟಿತ್ತು. ಮಕ್ಕಳಿಗೆ ಮೊದಲೇ ಅನ್ನ ಉಣ್ಣಿಸಿದ್ದಳು. ಅತ್ತೆಗೂ ಗಂಡನಿಗೂ ರೊಟ್ಟಿ ಬಡಿಸಿದಳು.

ಪರಮಾನಂದ ಮೊದಲ ತುತ್ತು ಅಗಿದ. ಅಗಿಯುವುದನ್ನು ನಿಲ್ಲಿಸಿದ. ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ ಬಂದ.

"ಏನಿದು? ಹಂಚ ತೊಳದಿಲ್ಲೇನು?"

"ಇಲ್ರೀ."

"ಯಾಕ?"

"ಬೆಂಕಿಗೆ ಮೈಲಿಗಿ ಇಲ್ಲಂತ. ನೀವು ಅದರಾಗ ಬೆಳದವರು ಬ್ಯಾರೆ. ತಿನ್ರಿ."

"ಹೊಟ್ಟಿ ತೊಳಸಾಕತ್ತೈತಿ ನನಗ."

"ಇದು ಒಂದೀಟ. ಇದರ ಹತ್ತ ಪಟ್ಟ ಮಾಳುನ ಬಾಯಾಗ ಇತ್ತು. ಅಂವ ಹೇಳಾಕ ಬಾರದಾಂವ, ಅತ್ತ."

ಪರಮಾನಂದ ತಾಯಿಯ ಕಡೆ ತಿರುಗಿದ. ಇಂದ್ರವ್ವ ಪಲ್ಯದಲ್ಲಿ ರೊಟ್ಟಿ ಅದ್ದಿ ನಿಧಾನವಾಗಿ ಉಣ್ಣುತ್ತಿದ್ದಳು.

"ಯಾಕಪಾ?" ಎಂದಳು. "ಛಲೋ ಅದಾವಲ್ಲ ರೊಟ್ಟಿ."

ಅವಳಿಗೆ ಗೊತ್ತೇ ಆಗಿರಲಿಲ್ಲ. ತುಟಿಯ ಎರಡೂ ಮೂಲೆಗಳಲ್ಲಿ ಕರೀ ರಸ ಇಳಿದಿತ್ತು. ಮಗ ಅದನ್ನೇ ನೋಡುತ್ತ ನಿಂತ. ದಿನಾ ನೋಡುತ್ತಿದ್ದ ಬಾಯಿ ಅದು.

"ಮನೀಷಾ" ಎಂದಳು ರಾಜಶ್ರೀ, "ಅಪ್ಪಾಗ ನೀ ಹೆಂಗ ಉಗಳ್ತಿ ತೋರಸು."

ಮಗು ಖುಷಿಯಿಂದ ಎದ್ದು ಬಂತು. ಎರಡು ಬೆರಳನ್ನು ತುಟಿಗೆ ಅಡ್ಡ ಇಟ್ಟಿತು. ಪರಮಾನಂದ ಅವಳ ಕೈ ಹಿಡಿದು ಕೆಳಗಿಳಿಸಿದ. ಆ ರಾತ್ರಿ ಅವನು ಉಣ್ಣಲಿಲ್ಲ.

ಎರಡು ದಿನ ಬಿಟ್ಟು ಜಮಖಂಡಿಗೆ ಹೋದವನು ಹೊಸ ಹಂಚು ತಂದ. "ಬೇ, ಇದು ನಿನ್ನ ತಂಬಾಕಿಗೆ" ಎಂದ.

"ಹೊಸಾದು ರೊಟ್ಟಿಗೆ ರೀ" ಎಂದಳು ರಾಜಶ್ರೀ. "ಹಳೇದು ಅತ್ತಿ ಇಟಗೊಳ್ಳಲಿ. ಹಿತ್ತಲ ಒಲಿ ಮ್ಯಾಲ."

ಇಂದ್ರವ್ವ ಹಳೆಯ ಹಂಚನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ತಂಬಾಕು ಬಿಡಲಿಲ್ಲ. ಅರವತ್ತು ದಾಟಿದವಳ ಚಟ, ಎಲ್ಲಿ ಬಿಟ್ಟೀತು? ಆದರೆ ಮೊಮ್ಮಗನನ್ನು ಮುಟ್ಟುವುದಿಲ್ಲ ಎಂದ ಮಾತು ಅವಳನ್ನೇ ಕಚ್ಚುತ್ತಿತ್ತು. ಮಾಳು ಈಗ ಅಂಬೆಗಾಲಿಕ್ಕುತ್ತ ಬಂದು ಅವಳ ಮುಂದೆ ಕೂರುತ್ತಿತ್ತು. ಅವಳು ಸೀರೆಯ ನಿರಿಗೆ ಒಳಗೆಳೆದುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ರಾಜಶ್ರೀ ಹೊಸ ಹಂಚಿನ ಮುಂದೆ ಕುಳಿತಿದ್ದಳು. ಮಾಳು ಹೊಸ್ತಿಲಿಗೆ ಬಡಿದು ಬಿದ್ದು ಅತ್ತಿತು. ಇಂದ್ರವ್ವ ಕಟ್ಟೆಯಿಂದ ಎದ್ದು ಬಂದವಳೇ ಎರಡೂ ತೋಳು ಚಾಚಿದಳು.

"ಅಳಬ್ಯಾಡ್ರೀ ಯಜಮಾನ್ರ."

ಮನೀಷಾ ಅಡ್ಡ ಬಂದು ನಿಂತಿತು. "ಆಯಿ, ಕೈ ತೋರಸು."

ಇಂದ್ರವ್ವ ಸೊಸೆಯ ಕಡೆ ನೋಡಿದಳು, ಮಗಳಿಗೆ ಒಂದು ಮಾತು ಗದರಿಸಲಿ ಎಂದು. ರಾಜಶ್ರೀ ರೊಟ್ಟಿಗೆ ನೀರು ಸವರುತ್ತಿದ್ದಳು. ತಿರುಗಲಿಲ್ಲ. ಕೂಸು ನೆಲದ ಮೇಲೆ ಅಳುತ್ತಿತ್ತು.

ಇಂದ್ರವ್ವ ಅಂಗೈ ಚಾಚಿದಳು. ಮನೀಷಾ ಒಂದೊಂದೇ ಬೆರಳನ್ನು ಹಿಡಿದು ಮೂಸಿತು.

"ಸಣ್ಣ ಬಟ್ಟ ನಾರತೈತಿ. ತೊಳಕೊಂಡ ಬಾ."

ಬಚ್ಚಲಲ್ಲಿ ನೀರಿನ ಸಪ್ಪಳವಾಯಿತು. ಮುದುಕಿ ಒದ್ದೆ ಕೈ ಚಾಚಿಕೊಂಡು ಬಂದಳು.

"ಇನ್ನೂ ನಾರತೈತಿ."

"ಸೋಪ ಹಚ್ಚೇನಲ್ಲ ಬೇ ನನ್ನವ್ವಾ."

"ಮತ್ತ ಹಚ್ಚು."

ಇಂದ್ರವ್ವ ಮತ್ತೆ ಬಚ್ಚಲಿಗೆ ಹೋದಳು. ಈ ಸಲ ಬೂದಿಯಿಂದ ತಿಕ್ಕುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ರಾಜಶ್ರೀ ರೊಟ್ಟಿ ಮಗುಚಿದಳು. ಬೂದಿಗೆ ಹೋಗುವ ವಾಸನೆಯಲ್ಲ ಅದು, ಸೋಪಿಗೂ ಹೋಗುವುದಿಲ್ಲ, ನೀರಿಗೂ ಹೋಗುವುದಿಲ್ಲ. ಆ ಮನೆಯಲ್ಲಿ ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಹೇಳಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಅಳುವ ಕೂಸನ್ನು ತಾನೇ ಎತ್ತಿಕೊಂಡಳು.